ಅಮ್ಮನ ದನಿಯಲ್ಲಿ ಉಳಿದ ಹೆಸರು

ಆ ಊರಿನಲ್ಲಿ ತೀರಿಕೊಂಡವರ ದನಿ ದಿನಾ ಬೆಳಿಗ್ಗೆ ಮನೆಗೆ ಬರುತ್ತಿತ್ತು. ಅದಕ್ಕೂ ಮುಂಚೆ ಕಂಪ್ಯೂಟರಿನಲ್ಲಿ ಆ ದನಿಯನ್ನು ನುಡಿಸುವ ಪೈಥಾನ್ ಭಾಷೆಯ ಕೋಡನ್ನು ಒಂದು ತಪಾಸಣೆ ಪ್ರೋಗ್ರಾಂ ಓದಿ ತಪ್ಪು ಹಿಡಿಯುತ್ತಿತ್ತು. ಹೆಸರುಗಳ ಪಟ್ಟಿ ಕಟ್ಟುವ ಕೋಡಿನ ಸಾಲಿನೊಳಗೆ ಕೊನೆಗೆ ಇಟ್ಟ ಹೆಸರು ಆ ಸಾಲು ಮುಗಿದ ಮೇಲೂ ಉಳಿದು, ದನಿ ಕರೆಯಬೇಕಿದ್ದ ಹೆಸರನ್ನು ಅಳಿಸಿ ಅದರ ಜಾಗದಲ್ಲಿ ಕೂರುವುದು ಮಾತ್ರ ಅದಕ್ಕೆ ಕಾಣುತ್ತಿರಲಿಲ್ಲ. ಸತ್ತವರು ತಪ್ಪು ಹೆಸರು ಕರೆಯುತ್ತಾರೆಂದು ಊರೆಲ್ಲ ದೂರು. ಸರಿಪಡಿಸುವ ಕೆಲಸ ವಾರಿಜಳ ಪಾಲಿಗೆ ಬಂತು.

ಅವಳ ಅಮ್ಮನ ದನಿಯೂ ಹಾಗೇ. ಮಕ್ಕಳ ಹೆಸರೆಲ್ಲ ಹೇಳಿ, ಕೊನೆಯ ಹೆಸರಿನಿಂದಲೇ ವಾರಿಜಳನ್ನು ಕೇಳುತ್ತಿತ್ತು: "ಕುಮುದಾ, ತಿಂಡಿ ತಿಂದ್ಯಾ?" ಕುಮುದಾ ಆರನೇ ವಯಸ್ಸಿಗೇ ತೀರಿಹೋದ ತಂಗಿ. ಅಪ್ಪ ಕುಮುದಾ ಎಂಬ ಆ ಒಂದು ಕರೆಗೇ ದಿನಾ ಕಾಯುತ್ತಿದ್ದರು.

ವಾರಿಜಾ ತಪಾಸಣೆ ಪ್ರೋಗ್ರಾಂಗೆ ಆ ತಪ್ಪೂ ಕಾಣುವಂತೆ ಮಾಡಿದಳು. ಮರುದಿನ ಅದು ಅಮ್ಮನ ದನಿಯ ಕೋಡನ್ನೂ ತಡೆಯಿತು; ವಾರಿಜಾಳೇ ಅದನ್ನು ತಿದ್ದಿದಳು.

"ವಾರಿಜಾ, ತಿಂಡಿ ತಿಂದ್ಯಾ?" ಎಂದಿತು ದನಿ.

ಅಪ್ಪ ತಟ್ಟೆ ಸರಿಸಿದರು. "ನಾಳೆಯಿಂದ ನಿಮ್ಮಮ್ಮನ ದನಿ ಬರೋದು ಬೇಡಮ್ಮ."