ಕಂಬಕ್ಕೆ ನಿಂತ ಬಸ್ಸು

ಕಣ್ಣಿನ ಡಾಕ್ಟರು ಗೋಡೆಯ ಅಕ್ಷರದ ಬೋರ್ಡಿಗೆ ದೀಪ ಹಾಕುವ ಮೊದಲೇ ಬಸ್ಸಿನ ಡ್ರೈವರಮ್ಮ ಕೊನೆಯ ಸಾಲನ್ನು ಗಡಗಡನೆ ಒಪ್ಪಿಸಿಬಿಟ್ಟಳು: "ರ, ಗ, ಟ, ಪ, ಸ."

"ಅಮ್ಮಾ, ದೀಪಾನೇ ಹಾಕಿಲ್ಲ ಇನ್ನೂ!"

ಪಕ್ಕದ ಕುರ್ಚಿಯಲ್ಲಿದ್ದ ಗಂಡ ಬಿದ್ದು ಬಿದ್ದು ನಕ್ಕ. ಅವಳು ನಗಲಿಲ್ಲ. ಸ್ಟಾಪುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡ ಅಭ್ಯಾಸ ಅವಳದು. ಕನ್ನಡಕ ಬಿಡೋದಕ್ಕೆ ಮೊದಲ ಸಲ ಲೇಸರ್ ಮಾಡಿಸಿದ ಮೇಲಿನ ಪರೀಕ್ಷೆಯಲ್ಲೂ, ಸರತಿಯಲ್ಲಿ ಮುಂದಿದ್ದವರು ಓದಿದ್ದನ್ನು ಕೇಳಿಸಿಕೊಂಡೇ ಒಪ್ಪಿಸಿ ಪಾಸಾಗಿದ್ದಳು. ಕಣ್ಣಲ್ಲಿ ಮಾತ್ರ ಮೈನಸ್ ಪವರ್ ಒಂದಿಷ್ಟು ಉಳಿದೇ ಇತ್ತು. ವಾರ ಕಳೆಯುವುದರೊಳಗೆ, ಒಂದು ಮುಸ್ಸಂಜೆ, ರಸ್ತೆ ಬದಿಯ ಕಂಬಕ್ಕೆ ಬಸ್ಸು ನಿಲ್ಲಿಸಿ, "ಬೇಗ ಹತ್ತಪ್ಪಾ!" ಎಂದು ಗದರಿದ್ದಳು. ಬಸ್ಸಿಗೆ ಬಸ್ಸೇ ನಕ್ಕಿತ್ತು. ಡಿಪೋದವರು ಮರುದಿನವೇ ಸ್ಟೀರಿಂಗ್ ಬಿಡಿಸಿ ಮೇಜಿನ ಮುಂದೆ ಕೂರಿಸಿದ್ದರು.

ಈಗ ಎರಡನೇ ಲೇಸರ್ ಆಗಿ ತಿಂಗಳಾಗಿದೆ. ಡಾಕ್ಟರು ಬೋರ್ಡನ್ನೇ ಬದಲಿಸಿ ದೀಪ ಹಾಕಿದರು. ಬಾಯಿಪಾಠ ಕೈಕೊಟ್ಟಿತು. ಅವಳು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ನೋಡಿದಳು.

"ಮ... ಡ... ವ... ಹ... ಕ."

"ಎಲ್ಲಾ ಸರಿ," ಎಂದರು ಡಾಕ್ಟರು.

"ಇದನ್ನೂ ಯಾರ ಹತ್ರಾನೋ ಕೇಳ್ಕೊಂಡು ಬಂದ್ಯೇನೇ?" ಎಂದ ಗಂಡ.

ಅವಳ ಗಮನ ಇತ್ತ ಇರಲೇ ಇಲ್ಲ. ಎದ್ದು ಕಿಟಕಿಗೆ ಹೋಗಿ, ರಸ್ತೆಯ ಆ ತುದಿಯ ಸ್ಟಾಪನ್ನೇ ನೋಡುತ್ತಿದ್ದಳು.

"ರೀ, ಅಲ್ಲೊಂದು ಕಂಬ ಇದೆ. ಕಂಬಾನೇ. ಅದರ ಪಕ್ಕ ಒಬ್ರು ಅಜ್ಜಿ ಕೈ ಅಡ್ಡ ಹಾಕ್ತಾನೇ ಇದ್ದಾರೆ. ಬಸ್ಸು ನಿಲ್ಲಿಸ್ದೇ ಹೋಗ್ತಿದ್ದಾನಲ್ರೀ, ಆ ಡ್ರೈವರ್‌ಗೇನು ಕಣ್ಣು ಕಾಣಲ್ವಾ?"