ಎಲೆ ನೀರಿನ ಮಹಿಮೆ

ಅಡುಗೆಮನೆಯ ಬಾಗಿಲನ್ನು ಓರೆ ಮಾಡಿಕೊಂಡು ಅವಳು ಮಾತ್ರೆಯನ್ನು ಎರಡು ಚಮಚಗಳ ನಡುವೆ ಇಟ್ಟು ಒತ್ತಿದಳು. ಪುಡಿಯನ್ನು ಗಂಡನ ಲೋಟಕ್ಕೆ ಸುರಿದು ಕರಗುವ ತನಕ ಕಲಕಿದಳು.

“ನನ್ನ ನೀರು ಆಯ್ತಾ?” ಹೊರಗಿನಿಂದ ಗಂಡ ಕೂಗಿದ.

“ಬಂದೆ,” ಎಂದಳು. ಚಮಚಗಳನ್ನು ತೊಳೆದಿಟ್ಟಳು.

ಪತ್ತೇದಾರಿ ಕಾದಂಬರಿಯಲ್ಲಾಗಿದ್ದರೆ ಅದು ವಿಷವಾಗಿರುತ್ತಿತ್ತು. ಇಲ್ಲಿ ಅದು ರಕ್ತದೊತ್ತಡದ ಮಾತ್ರೆ, ಡಾಕ್ಟರೇ ಬರೆದುಕೊಟ್ಟದ್ದು, ದಿನಕ್ಕೊಂದರಂತೆ ಬಿಡದೆ ನುಂಗಬೇಕಾದದ್ದು. ಆದರೆ ಗಂಡನೆಂಬ ಪ್ರಾಣಿ ಮೂರು ತಿಂಗಳ ಹಿಂದೆ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿ ಜ್ಞಾನೋದಯ ಪಡೆದಿದ್ದ. ಕಪ್ಪು ಕನ್ನಡಕದ ಮಹಾಶಯನೊಬ್ಬ ಹದಿನೈದೇ ನಿಮಿಷದಲ್ಲಿ ಹೃದಯ, ಮೂತ್ರಪಿಂಡ, ಔಷಧ ಕಂಪನಿಗಳ ಹುನ್ನಾರ ಎಲ್ಲವನ್ನೂ ಬಿಡಿಸಿ ಹೇಳಿದ್ದ. ಮಾತ್ರೆ ಬಿಡಿ, ಎಲೆ ನೀರು ಕುಡಿಯಿರಿ. ಯಾವ ಎಲೆ? ಕೆಳಗಿನ ಕೊಂಡಿ ಒತ್ತಿದರೆ ಮನೆ ಬಾಗಿಲಿಗೇ ಬರುತ್ತದೆ.

ಗಂಡನದು ಡ್ರೈವಿಂಗ್ ಕಲಿಸುವ ಕೆಲಸ. ಜನ ಇಟ್ಟ ಹೆಸರು ಬ್ರೇಕ್ ಮೇಷ್ಟ್ರು. ಅವರ ಕಾರಿನಲ್ಲಿ ಕಲಿಯುವವರ ಕಾಲಡಿ ಒಂದು ಬ್ರೇಕು, ಮೇಷ್ಟ್ರ ಕಾಲಡಿ ಇನ್ನೊಂದು. “ಧೈರ್ಯವಾಗಿ ಬಿಡಿ, ನಾನಿದೀನಲ್ಲ,” ಎನ್ನುವಾಗಲೂ ಅವರ ಪಾದ ಆ ಬ್ರೇಕಿನ ಮೇಲಿಂದ ಕದಲುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಕಾರಿಗೆ ಒಂದು ಗೀರೂ ಬಿದ್ದಿಲ್ಲ.

ಈಗ ಅದೇ ಕಾರು ವೈದ್ಯಕೀಯ ಕಾಲೇಜಾಯಿತು. ಸ್ಟೀರಿಂಗ್ ಹಿಡಿದು ಬೆವರುತ್ತಿರುವವರು ವಾದ ಮಾಡುವುದಾದರೂ ಹೇಗೆ?

“ಎಡಕ್ಕೆ ತಗೊಳಿ. ಈ ಮಾತ್ರೆ ಅನ್ನೋದೇ ದೊಡ್ಡ ಮೋಸ ರೀ. ಕ್ಲಚ್, ಕ್ಲಚ್ ಒತ್ತಿ.”

ಮಾತ್ರೆಗಳನ್ನು ಕಸದ ಬುಟ್ಟಿಗೆ ಸುರಿಯುವ ಫೋಟೊ ಹಾಕಿ ಮೇಷ್ಟ್ರು ಮೊಬೈಲಿನಲ್ಲೊಂದು ಗುಂಪು ಕಟ್ಟಿದರು: ಮಾತ್ರೆಮುಕ್ತ ಬಳಗ. ಇನ್ನೂರ ಹನ್ನೆರಡು ಜನ ಸೇರಿದರು. ಒಂದು ತಿಂಗಳಾದ ಮೇಲೆ ಔಷಧದ ಅಂಗಡಿಯ ಯಂತ್ರಕ್ಕೆ ತೋಳು ಕೊಟ್ಟು ಇನ್ನೊಂದು ಫೋಟೊ ಹಾಕಿದರು. ಒತ್ತಡ ನೂರಾ ಇಪ್ಪತ್ತಾರು. ಕೆಳಗೆ ಒಂದು ಸಾಲು: “ಎಲೆ ನೀರು, ಗಟ್ಟಿ ಮನಸ್ಸು, ಅಷ್ಟೇ.” ಬಳಗಕ್ಕೆ ಬಳಗವೇ ಕೈಮುಗಿಯಿತು. ಕೆಲವರು ಗುರುಗಳೇ ಎಂದರು. ಮೇಷ್ಟ್ರು ಬೇಡ ಎನ್ನಲಿಲ್ಲ.

ಫೋಟೊ ನೋಡಿ ಅವರ ತಮ್ಮನೂ ಮಾತ್ರೆ ಬಿಟ್ಟ. ಛಾಪಖಾನೆಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಸಾಧು ಮನುಷ್ಯ. ಅವನಿಗೂ ಅದೇ ಕಾಯಿಲೆ. ಅಣ್ಣ ಹಾಕಿದ ಗೆರೆ ದಾಟಿದವನಲ್ಲ.

“ನಿಮ್ಮಣ್ಣನ ಮಾತು ಕಟ್ಕೊಂಡು ಕೆಡಬೇಡಿ,” ಎಂದು ಅವಳು ಅಂಗಲಾಚಿದಳು.

“ಅತ್ತಿಗೆ, ಫೋಟೊ ನೋಡಿದ್ರಲ್ಲ. ಅಣ್ಣನಿಗೆ ಇಳಿದ ಮೇಲೆ ನನಗೆ ಇಳಿಯಲ್ವಾ?”

ಮೈದುನನ ಲೋಟ ಅವಳ ಕೈಯಲ್ಲಿರಲಿಲ್ಲ. ಗಂಡನ ಲೋಟ ಇತ್ತು. ಅವಳ ತಂದೆ ಹೀಗೆಯೇ ಮಾತ್ರೆ ಬಿಟ್ಟು, ಒಂದು ಬೆಳಗ್ಗೆ ಹಲ್ಲುಜ್ಜುತ್ತಾ ಕುಸಿದು ಹೋದವರು. ಗಂಡನೂ ಹಾಗೆ ಹೋಗುತ್ತಾನೆಂಬ ಭಯ ಅವಳನ್ನು ತಿನ್ನುತ್ತಿತ್ತು. ಹಳೆಯ ಚೀಟಿ ತೋರಿಸಿ ಮಾತ್ರೆ ತಂದಳು. ದಿನಕ್ಕೊಂದು ಪುಡಿ ಮಾಡಿ ಬೆರೆಸತೊಡಗಿದಳು. ಆ ನೀರಿನ ಕಹಿಗೆ ಅದರಲ್ಲಿ ಸುಣ್ಣ ಕದಡಿದ್ದರೂ ಗೊತ್ತಾಗುತ್ತಿರಲಿಲ್ಲ.

ಅದಾಗಿ ನಾಲ್ಕೇ ದಿನಕ್ಕೆ ಮೇಷ್ಟ್ರಿಗೆ ಕುರ್ಚಿಯಿಂದ ಎದ್ದರೆ ಕಣ್ಣು ಕತ್ತಲೆ ಬರಲು ಶುರುವಾಯಿತು. “ದೇಹದ ವಿಷ ಹೊರಗೆ ಹೋಗ್ತಾ ಇದೆ,” ಎಂದು ಬಳಗಕ್ಕೆ ತಿಳಿಸಿದರು. ನಿಂತಿದ್ದ ಮಾತ್ರೆ ಮತ್ತೆ ಶುರುವಾಯಿತಲ್ಲ, ಮೈ ಒಗ್ಗಬೇಕು ಎಂದು ಅವಳು ಸಮಾಧಾನ ಮಾಡಿಕೊಂಡಳು. ಡಾಕ್ಟರನ್ನು ಕೇಳೋಣ ಎಂದು ಇಬ್ಬರಿಗೂ ತೋಚಲಿಲ್ಲ.

ಎರಡನೆಯ ವಾರದ ಕೊನೆಗೆ ಮೇಷ್ಟ್ರ ತಮ್ಮ ಛಾಪಖಾನೆಯಲ್ಲೇ ಕುಸಿದ. ಮಿದುಳಿನ ರಕ್ತನಾಳ ಒಡೆದಿತ್ತು. ಬಲಗೈ, ಬಲಗಾಲು ಬಿದ್ದುಹೋದವು, ಮಾತು ನಿಂತಿತು.

ಗಂಡ ಹೆಂಡತಿ ಆಸ್ಪತ್ರೆಗೆ ಓಡಿದರು. ಮೇಷ್ಟ್ರು ತಮ್ಮನ ಪಕ್ಕ ಕುಳಿತು ಎಡಗೈ ಹಿಡಿದುಕೊಂಡರು. “ಖಾಲಿ ಹೊಟ್ಟೆಗೆ ಕುಡೀಬೇಕಿತ್ತು ಕಣೋ,” ಎಂದರು. “ನೀನು ತಿಂಡಿ ಆದ್ಮೇಲೆ ಕುಡಿದಿರ್ತೀಯ.” ಇನ್ನೂ ಏನೋ ಹೇಳಲು ಎದ್ದವರು ಅಲ್ಲೇ ಧೊಪ್ಪೆಂದು ಬಿದ್ದರು.

ಪಕ್ಕದ ಮಂಚ ಖಾಲಿ ಇತ್ತು. ಅಲ್ಲಿಗೇ ಎತ್ತಿ ಹಾಕಿದರು.

“ಒತ್ತಡ ಎಪ್ಪತ್ತೆಂಟಕ್ಕೆ ಇಳಿದಿದೆ,” ಎಂದಳು ಡಾಕ್ಟರಮ್ಮ. “ದಿನಕ್ಕೆ ಎಷ್ಟು ಮಾತ್ರೆ ತಗೋತೀರಿ?”

“ಮಾತ್ರೆನಾ? ಮುಟ್ಟಿ ಮೂರು ತಿಂಗಳಾಯ್ತು.” ಮಲಗಿದಲ್ಲೇ ಮೇಷ್ಟ್ರ ಎದೆ ಉಬ್ಬಿತು.

ಅವಳಿಗೆ ತಡೆಯಲಾಗಲಿಲ್ಲ. ಲೋಟ, ಪುಡಿ, ಎರಡು ವಾರದ ಕಳ್ಳತನ ಎಲ್ಲವನ್ನೂ ಅಳುತ್ತಾ ಹೇಳಿಬಿಟ್ಟಳು. ಮೇಷ್ಟ್ರ ಮುಖ ಬಿಳಿಚಿಕೊಂಡಿತು.

ಡಾಕ್ಟರಮ್ಮ ಅವಳು ಕೊಟ್ಟ ಆರು ವರ್ಷದ ಹಳೆಯ ಚೀಟಿ ನೋಡಿದಳು. “ದಿನಕ್ಕೆ ಎಷ್ಟು ಹಾಕ್ತಿದ್ರಿ?”

“ಒಂದೇ. ಚೀಟಿಯಲ್ಲಿ ಇದ್ದಷ್ಟೇ.”

“ಒಂದಕ್ಕೆ ಹೀಗಾಗಲ್ಲಮ್ಮ. ಆರು ವರ್ಷ ಒಂದರಲ್ಲೇ ಚೆನ್ನಾಗಿದ್ದ ಮನುಷ್ಯ. ಎರಡಾದರೂ ಹೊಟ್ಟೆಗೆ ಹೋಗಿದೆ. ನಿಜ ಹೇಳಿ.”

“ಒಂದೇ. ನನ್ನಾಣೆಗೂ ಒಂದೇ.”

“ಹೇಳದೆ ಕೇಳದೆ ಇನ್ನೊಬ್ಬರಿಗೆ ಔಷಧ ಹಾಕೋದೇ ತಪ್ಪು. ಅದರಲ್ಲೂ ಎರಡೆರಡು ಹಾಕಿ, ಇಲ್ಲ ಅಂತೀರಿ. ನಾನು ಪೊಲೀಸರಿಗೆ ತಿಳಿಸಬೇಕಾಗುತ್ತೆ.”

ನರ್ಸ್ ಫೋನ್ ಎತ್ತಿಕೊಂಡಳು. ಮೇಷ್ಟ್ರು ಹೆಂಡತಿಯನ್ನು ನೋಡಿದರು, ಫೋನ್ ನೋಡಿದರು, ಕೊನೆಗೆ ಪಕ್ಕದ ಮಂಚ ನೋಡಿದರು. ತಮ್ಮನ ಮಾತು ನಿಂತಿತ್ತೇ ಹೊರತು ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

“ಇನ್ನೊಂದು ನಾನೇ ನುಂಗ್ತಿದ್ದೆ ಡಾಕ್ಟ್ರೇ,” ಎಂದರು ಮೇಷ್ಟ್ರು, ಆದಷ್ಟು ಮೆಲ್ಲಗೆ. “ಒಂದು ದಿನಾನೂ ಬಿಟ್ಟಿಲ್ಲ.”