ಮೆಲ್ಲಗೆ ಒತ್ತಿದ ಕೆನ್ನೆ

ಸಿಗ್ನೆಯ ಮುಸುಕು ಸರಿಸಿ ನೋಡಿದ ಡಾಕ್ಟರ್ ಹೋಲ್ಬೆಕ್ ಹುಬ್ಬು ಗಂಟಿಕ್ಕಿದರು. ದೀಪದ ಬೆಳಕಿನ ಚಿಕಿತ್ಸೆಗೆ ಬಲಗೆನ್ನೆ ಕೆಂಪಗೆ ಊದಿ ಗುಳ್ಳೆ ಎದ್ದಿತ್ತು. ಎಡಗೆನ್ನೆಯ ಹುಣ್ಣು ಮಾತ್ರ ತನಗೂ ಈ ಆಸ್ಪತ್ರೆಗೂ ಸಂಬಂಧವೇ ಇಲ್ಲವೆಂಬಂತೆ ಹಾಗೇ ಇತ್ತು.

“ಈ ಕಡೆ ಪರವಾಗಿಲ್ಲ ಡಾಕ್ಟ್ರೇ, ಉರೀನೂ ಇಲ್ಲ, ಗುಳ್ಳೇನೂ ಇಲ್ಲ,” ಎಂದಳು ಸಿಗ್ನೆ, ಎಡಗೆನ್ನೆ ತೋರಿಸುತ್ತ. “ಆ ಕಡೆ ಕೂರೋ ನರ್ಸಮ್ಮ ನನ್ನ ಕೆನ್ನೇನ ಹಿಟ್ಟು ಅಂದ್ಕೊಂಡು ನಾದಿಬಿಡ್ತಾರೆ.”

“ಗುಳ್ಳೆ ಎದ್ರೆ ತಾನೇ ಬೆಳಕು ಒಳಗೆ ಹೋಗಿದೆ ಅಂತ ಗೊತ್ತಾಗೋದು! ರಕ್ತ ಅಡ್ಡ ಇದ್ರೆ ಬೆಳಕು ದಾಟಲ್ಲ. ಚರ್ಮ ಬೆಳ್ಳಗಾಗೋವರೆಗೂ ಗಾಜಿನ ಬಿಲ್ಲೆ ಒತ್ತಿ ಹಿಡೀಬೇಕು. ಈ ಕಡೆ ಯಾರು ಕೂರೋದು?”

“ನಾನು,” ಎಂದಳು ಗೋಡೆಗೆ ಅಂಟಿ ನಿಂತಿದ್ದ ಹೊಸ ನರ್ಸ್ ಥೋರಾ.

“ಇಷ್ಟು ದಿನದ ಬೆಳಕೆಲ್ಲ ದಂಡ. ಹೀಗೇ ಆದ್ರೆ ವಸಂತಕ್ಕೆ ಒಂದೇ ಕೆನ್ನೆ ವಾಸಿ,” ಎಂದು ಕಡ್ಡಿ ಮುರಿದಂತೆ ಹೇಳಿ ಡಾಕ್ಟರು ಮುಂದಿನ ಮಂಚಕ್ಕೆ ಹೋದರು.

ಸಿಗ್ನೆಯ ಊರಾದ ಆರ್ಹುಸಿನ ಜನ ‘ತೋಳ’ ಎಂದು ಕರೆಯುವ ಈ ಚರ್ಮದ ಕ್ಷಯ ಅವಳ ಕೆನ್ನೆಗೆ ಬಾಯಿ ಹಾಕಿ ವರ್ಷಗಳೇ ಆಗಿದ್ದವು. ಅಷ್ಟೂ ವರ್ಷ ಅವಳು ಅಣ್ಣನ ಬೇಕರಿಯ ಹಿಂದುಗಡೆ, ಒಲೆಯ ಮಗ್ಗುಲಲ್ಲೇ ಉಳಿದಿದ್ದಳು. ಬೀದಿಯವರೆಲ್ಲ ಅವಳು ಬೇಯಿಸಿದ ಬ್ರೆಡ್ಡನ್ನು ಚಪ್ಪರಿಸಿ ತಿನ್ನುತ್ತಿದ್ದರು. ಯಾರ ಕೈಯದೆಂದು ಮಾತ್ರ ಅಣ್ಣ ಬಾಯಿಬಿಡುತ್ತಿರಲಿಲ್ಲ. ಮುಖ ವಾಸಿಯಾದರೆ ವಸಂತದಲ್ಲಿ, ಮಹಾಪ್ರಾರ್ಥನೆಯ ದಿನದ ಹಿಂದಿನ ಸಂಜೆ, ಹಬ್ಬದ ಬಿಸಿ ಬನ್ನಿಗೆ ಇಡೀ ಬೀದಿ ಸಾಲುಗಟ್ಟುವಾಗ ನೀನೇ ಗಲ್ಲಾದ ಹಿಂದೆ ನಿಲ್ಲು ಎಂದು ಮಾತು ಕೊಟ್ಟಿದ್ದ.

“ಯಾಕಮ್ಮಾ ಹೀಗೆ ಮಾಡಿದೆ?” ಎಂದು ಸಿಗ್ನೆ ಥೋರಾಳನ್ನು ಕೇಳಿದಳು.

ಥೋರಾ ಅಳುತ್ತಿದ್ದಳು. “ನಿಮ್ಮ ಕಣ್ಣಲ್ಲಿ ನೀರು ಬರ್ತಿತ್ತು. ಪಾಪ ಅನ್ನಿಸಿ ಕೈ ತಾನಾಗೇ ಸಡಿಲ ಆಗ್ತಿತ್ತು.”

“ಪಾಪ ಅನ್ನೋರು ನಮ್ಮ ಬೀದಿ ತುಂಬ ಇದಾರೆ. ಅದಕ್ಕೆ ಇಲ್ಲೀವರೆಗೂ ಬರಬೇಕಿತ್ತಾ ನಾನು?” ಸಿಗ್ನೆಗೆ ನಿಜವಾಗಿಯೂ ಸಿಟ್ಟು ಬಂದಿತ್ತು. “ಅರ್ಧ ಮುಖ ಇಟ್ಕೊಂಡು ಅಂಗಡೀಲಿ ನಿಲ್ಲೋಕಾಗುತ್ತಾ?”

“ಬೇರೆ ಯಾರನ್ನಾದ್ರೂ ಕಳಿಸಿ ಅಂತ ಹೇಳ್ತೀನಿ.”

ಎರಡು ಹೆಜ್ಜೆ ಹೋಗುವಷ್ಟರಲ್ಲಿ ಸಿಗ್ನೆ ಅವಳ ಬಿಳಿ ಏಪ್ರನ್ನಿನ ತುದಿ ಹಿಡಿದಳು.

“ತಪ್ಪು ಮಾಡಿ ಓಡಿಹೋಗ್ತೀಯಾ? ಕೂತ್ಕೋ. ಯಾವತ್ತಾದ್ರೂ ಹಿಟ್ಟು ನಾದಿದೀಯಾ?”

“ಅಮ್ಮನ ಮನೇಲಿ.”

“ಅಯ್ಯೋ ಪಾಪ ಅಂತ ಮೆತ್ತಗೆ ಮುಟ್ಟಿದ್ರೆ ಬ್ರೆಡ್ಡು ಉಬ್ಬುತ್ತಾ? ಒತ್ತು!”

ಸಿಗ್ನೆ ಮಲಗಿ ಎಡಗೆನ್ನೆ ಒಡ್ಡಿದಳು. ಮೇಲೆ ದೊಡ್ಡ ದೀಪ ಚಟಪಟ ಉರಿಯಿತು. ಅದರ ನೀಲಿ ಬೆಳಕು ಉದ್ದನೆಯ ಕೊಳವೆಯಲ್ಲಿ ಇಳಿದು ಬಂತು. ಥೋರಾ ತಣ್ಣೀರು ಹರಿಯುವ ಗಾಜಿನ ಬಿಲ್ಲೆಯನ್ನು ಹುಣ್ಣಿನ ಮೇಲಿಟ್ಟು ಒತ್ತಿದಳು. ಬಿಲ್ಲೆ ಕೆನ್ನೆಯ ಮೇಲಿದ್ದಾಗ ಮಾತಾಡುವಂತಿಲ್ಲ. ಕೈ ಸೋತು ಸಡಿಲವಾದಾಗಲೆಲ್ಲ ಸಿಗ್ನೆ ಅವಳ ಮೊಣಕಾಲಿಗೆ ಪಟ್ಟೆಂದು ಹೊಡೆಯುತ್ತಿದ್ದಳು. ಒಂದು ಗಂಟೆ ಮುಗಿಯುವ ಹೊತ್ತಿಗೆ ಇಬ್ಬರ ಕಣ್ಣಲ್ಲೂ ನೀರಿತ್ತು, ಆದರೆ ಬಿಲ್ಲೆಯ ಕೆಳಗಿನ ಚರ್ಮ ಬೆಳ್ಳಗೇ ಇತ್ತು.

ಮರುದಿನ ಸಿಗ್ನೆ ಕನ್ನಡಿ ಕೇಳಿ ತರಿಸಿಕೊಂಡಳು. ಕನ್ನಡಿ ನೋಡುವುದನ್ನೇ ಬಿಟ್ಟಿದ್ದವಳು, ಎಡಗೆನ್ನೆಯ ಮೇಲೆ ಎದ್ದ ಗುಳ್ಳೆಯನ್ನು ಒಲೆಯಲ್ಲಿ ಉಬ್ಬುತ್ತಿರುವ ಬನ್ನನ್ನು ನೋಡುವಂತೆ ಹಿಗ್ಗಿ ನೋಡಿದಳು.

ಮಹಾಪ್ರಾರ್ಥನೆಯ ದಿನದ ಹಿಂದಿನ ಸಂಜೆ ಬೇಕರಿಯ ಸಾಲು ಬೀದಿಯ ತಿರುವು ದಾಟಿತ್ತು. ಗಲ್ಲಾದ ಹಿಂದೆ ಮುಸುಕಿಲ್ಲದ ಸಿಗ್ನೆ ನಿಂತಿದ್ದಳು. ಎರಡೂ ಕೆನ್ನೆಗಳ ಮೇಲೆ ತೆಳ್ಳಗೆ ಬಿಳಿಯ ಕಲೆಗಳಿದ್ದವು. ಮುಂದಿದ್ದ ಹೆಂಗಸು ಒಂದು ಗಳಿಗೆ ಅವನ್ನೇ ದಿಟ್ಟಿಸಿದಳು. ಅಷ್ಟರಲ್ಲಿ ಏಲಕ್ಕಿಯ ಬಿಸಿ ಪರಿಮಳ ಮೂಗಿಗೆ ಬಡಿಯಿತು. “ಒಂದು ಡಜನ್ ಕೊಡಮ್ಮಾ, ಬೇಗ,” ಎಂದಳು.

ಅವಳ ಹಿಂದೆ ಥೋರಾ ಇದ್ದಳು. ಸಿಗ್ನೆ ಕೈಗಿಟ್ಟ ಬನ್ನನ್ನು ಅವಳು ಒಂದು ಬೆರಳಿಂದ ಮೆಲ್ಲಗೆ ಮುಟ್ಟಿ ನೋಡಿದಳು.

ಸಾಲಿನ ಕೊನೆಯವರಿಗೂ ಕೇಳುವಂತೆ ಸಿಗ್ನೆ ನಕ್ಕಳು. “ಗಟ್ಟಿಯಾಗಿ ಒತ್ತೇ ಹುಡುಗಿ! ಇನ್ನೂ ಬುದ್ಧಿ ಬರಲಿಲ್ವಾ ನಿಂಗೆ?”